ಅಸಿಟೈಲ್‌ಕೋಲಿನ್ ಜಾಸ್ತಿಯಾದರೆ ನೆನಪು ಜಾಸ್ತಿಯಾಗುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ. ಭಾಷಾಂತರದ ಕೆಲಸ ಮಾಡುತ್ತೇನೆ. ಇತ್ತೀಚೆಗೆ ಒಂದು ಪುಟ ಪೂರ್ತಿ ಓದಿ ಮುಗಿಸಿದರೂ ಏನು ಓದಿದೆ ಅಂತಲೇ ಗೊತ್ತಾಗುವುದಿಲ್ಲ. ಅಸಿಟೈಲ್‌ಕೋಲಿನ್ ಎಂಬ ‘ನೆನಪಿನ ರಾಸಾಯನಿಕ’ ಕಡಿಮೆಯಾದರೆ ಹೀಗಾಗುತ್ತದೆ, ಕೋಲಿನ್ ಕ್ಯಾಪ್ಸೂಲ್ ತಗೋ ಎಂದು ಗೆಳತಿ ಹೇಳಿದಳು. ಇನ್ನೊಂದು ವಿಷಯ. ನಮ್ಮ ಮಾವನವರಿಗೆ 74. ಶೀತಕ್ಕೆಂದು ಮಾತ್ರೆ ತೆಗೆದುಕೊಂಡ ಎರಡನೇ ದಿನ ರಾತ್ರಿ ಗಲಿಬಿಲಿಗೊಂಡರು. ಯಾವ ದಿನ ಅಂತ ತಿಳಿಯದು, ಮಾತಿಗೂ ಮಾತಿಗೂ ಸಂಬಂಧವಿಲ್ಲ, ಇಲ್ಲದವರನ್ನು ಕರೆಯುತ್ತಿದ್ದರು. ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋದರು. ಡಾಕ್ಟರು ‘ಇದೂ ಅಸಿಟೈಲ್‌ಕೋಲಿನ್ ಕಥೆಯೇ’ ಅಂದರು. ಇವೆರಡಕ್ಕೂ ಏನು ಸಂಬಂಧ?

ಉತ್ತರ: ಸಂಬಂಧ ಇದೆ, ನಿಮ್ಮ ಗೆಳತಿ ಹೇಳಿದ ರೀತಿಯಲ್ಲಿ ಮಾತ್ರ ಇಲ್ಲ. ಮಾವನವರ ಬಗ್ಗೆ ಡಾಕ್ಟರು ಹೇಳಿದ್ದು ಬಹುಮಟ್ಟಿಗೆ ಸರಿ ಇರಬೇಕು. ಕ್ಯಾಪ್ಸೂಲ್ ಸಲಹೆ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ಪುಟ ಓದಿ ಮುಗಿಸಿದಾಗ ಏನೂ ಉಳಿದಿಲ್ಲ ಅಂದರೆ ನಾವು ‘ಮರೆತುಹೋಯಿತು’ ಅಂದುಬಿಡುತ್ತೇವೆ. ಆದರೆ ಮರೆಯಬೇಕಾದರೆ ಅದು ಮೊದಲು ಒಳಗೆ ಹೋಗಿರಬೇಕು, ಅಲ್ವಾ? ಕಣ್ಣು ಸಾಲುಗಳ ಮೇಲೆ ಓಡಿತು, ಕೈ ಪುಟ ತಿರುಗಿಸಿತು, ಮನಸ್ಸು ಮಾತ್ರ ನಾಳೆ ಕೊಡಬೇಕಾದ ಇನ್ಯಾವುದೋ ಕೆಲಸದಲ್ಲಿತ್ತು. ಆ ಪುಟ ನೆನಪಿನವರೆಗೆ ತಲುಪಲೇ ಇಲ್ಲ. ಅಸಿಟೈಲ್‌ಕೋಲಿನ್‌ಗೆ ಹೆಚ್ಚು ಕೆಲಸ ಇರುವುದು ಈ ಹಂತದಲ್ಲೇ. ಯಾವುದು ಒಳಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬ ಕಡೆ. ಒಳಗೆ ಹೋದದ್ದನ್ನು ಗಟ್ಟಿ ಮಾಡುವಾಗ ಅದು ಕಡಿಮೆ ಇದ್ದರೇ ಒಳ್ಳೆಯದು. ‘ನೆನಪಿನ ರಾಸಾಯನಿಕ’ ಅಂತ ಒಂದೇ ಮಾತಿನಲ್ಲಿ ಹೇಳಿದಾಗ ತಪ್ಪಿಹೋಗುವುದು ಇದೇ ವಿಷಯ.

ಇದು ಪತ್ತೆಯಾದ ಕಥೆ ಮಜವಾಗಿದೆ. ನರದಿಂದ ಮುಂದಿನ ಅಂಗಕ್ಕೆ ಸುದ್ದಿ ಹೋಗುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂದು ನೂರು ವರ್ಷದ ಹಿಂದೆ ಜೋರು ಜಗಳ ನಡೆಯುತ್ತಿತ್ತು. ಆಸ್ಟ್ರಿಯಾದ ಗ್ರಾಝ್‌ನಲ್ಲಿದ್ದ ಓಟ್ಟೊ ಲೋವಿ ಅವರಿಗೆ ಒಂದು ರಾತ್ರಿ ನಿದ್ದೆಯಲ್ಲಿ ಪ್ರಯೋಗವೊಂದು ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲು ಬರಲಿಲ್ಲ, ಹೊಳೆದದ್ದೂ ನೆನಪಾಗಲಿಲ್ಲ. ಮರುರಾತ್ರಿ ಮತ್ತೆ ಅದೇ ಹೊಳೆದಾಗ ಚೀಟಿಯ ಸಹವಾಸವೇ ಬೇಡ ಎಂದು ಮೂರು ಗಂಟೆಗೆ ಎದ್ದು ನೇರ ಪ್ರಯೋಗಾಲಯಕ್ಕೆ ಹೋದರಂತೆ. ಹೇಳಿದವರು ಅವರೇ. ಸ್ವಲ್ಪ ಉಪ್ಪುಖಾರ ಸೇರಿದ್ದರೂ ಸೇರಿರಬಹುದು.

ಅವರು ಮಾಡಿದ್ದು ಇಷ್ಟು. ಎರಡು ಕಪ್ಪೆಗಳ ಹೃದಯ ತೆಗೆದು ಲವಣದ್ರಾವಣದಲ್ಲಿ ಮಿಡಿಯುವ ಹಾಗೆ ಇಟ್ಟರು. ಮೊದಲ ಹೃದಯಕ್ಕೆ ವೇಗಸ್ ನರ (ಮೆದುಳಿನಿಂದ ಹೃದಯಕ್ಕೆ ಬರುವ ನರ) ಇತ್ತು, ಎರಡನೆಯದಕ್ಕೆ ಇರಲಿಲ್ಲ. ಮೊದಲನೆಯದರ ನರಕ್ಕೆ ವಿದ್ಯುತ್ ಮುಟ್ಟಿಸಿದಾಗ ಅದರ ಮಿಡಿತ ನಿಧಾನವಾಯಿತು. ಆ ಹೃದಯದ ಸುತ್ತ ಇದ್ದ ದ್ರಾವಣವನ್ನು ಎತ್ತಿ ಎರಡನೆಯದಕ್ಕೆ ಹಾಕಿದರು. ಅದಕ್ಕೆ ಯಾವ ನರವೂ ಇಲ್ಲ, ಯಾರೂ ವಿದ್ಯುತ್ ಕೊಟ್ಟಿಲ್ಲ. ಆದರೂ ಅದರ ಮಿಡಿತವೂ ನಿಧಾನವಾಯಿತು. ಅಂದರೆ ನರದಿಂದ ಏನೋ ಒಂದು ವಸ್ತು ದ್ರಾವಣಕ್ಕೆ ಇಳಿದಿದೆ. ಇದು ಪ್ರಕಟವಾದದ್ದು 1921ರಲ್ಲಿ. ಆ ವಸ್ತು ಅಸಿಟೈಲ್‌ಕೋಲಿನ್. ಇಂಗ್ಲೆಂಡಿನ ಹೆನ್ರಿ ಡೇಲ್ 1914ರಲ್ಲೇ ಅದರ ಗುಣಗಳನ್ನು ಬರೆದಿದ್ದರು. ಇಬ್ಬರಿಗೂ ಸೇರಿ 1936ರ ನೊಬೆಲ್ ಬಂತು.

ಹೃದಯದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಅಸಿಟೈಲ್‌ಕೋಲಿನ್ ಬರೀ ಮೆದುಳಿನ ಸೊತ್ತಲ್ಲ. ಕೈ ಎತ್ತುವಾಗ ನರದಿಂದ ಸ್ನಾಯುವಿಗೆ ಹೋಗುವುದು ಅದೇ. ಬಾಯಲ್ಲಿ ನೀರೂರಿಸುವುದು, ಕರುಳನ್ನು ಚಲಿಸುವುದು, ಮೂತ್ರಕೋಶವನ್ನು ಹಿಂಡುವುದು, ಕಣ್ಣಿನ ಪಾಪೆಯನ್ನು ಕಿರಿದು ಮಾಡುವುದು ಎಲ್ಲ ಅದೇ. ಮಾತ್ರೆ ನುಂಗಿ ಇದನ್ನು ಏರಿಸಿದರೂ ಇಳಿಸಿದರೂ ಮೈಯೆಲ್ಲ ಲೆಕ್ಕಕ್ಕೆ ಬರುತ್ತದೆ. ಮಾವನವರ ವಿಷಯಕ್ಕೆ ಬಂದಾಗ ಈ ಪಟ್ಟಿ ಬೇಕಾಗುತ್ತದೆ.

ಈಗ ಮೆದುಳಿನ ಒಳಗೆ. ಮೆದುಳಿನ ಮುಂಭಾಗದ ತಳದಲ್ಲಿ ನರಕೋಶಗಳ ಕೆಲವು ಗುಂಪುಗಳಿವೆ. ಅದರಲ್ಲಿ ಒಂದಕ್ಕೆ ಮೈನರ್ಟ್‌ನ ಬೇಸಲ್ ನ್ಯೂಕ್ಲಿಯಸ್ ಎಂದು ಹೆಸರು. ಒಂದೊಂದು ಬದಿಗೆ ಸುಮಾರು ಎರಡು ಲಕ್ಷ ಕೋಶ ಇರಬಹುದು. ಇಡೀ ಮೆದುಳಿನಲ್ಲಿರುವ ನರಕೋಶ ಸುಮಾರು 8,600 ಕೋಟಿ. ಅಷ್ಟರ ನಡುವೆ ಇದು ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ಈ ಕೋಶಗಳ ತಂತು ಭಯಂಕರ ಉದ್ದ. ಮನುಷ್ಯರಲ್ಲಿ ಒಂದೇ ಕೋಶದ ಕವಲುಗಳನ್ನೆಲ್ಲ ಸೇರಿಸಿ ಅಳೆದರೆ 100 ಮೀಟರ್ ಆಗಬಹುದು ಎಂದು ಅಂದಾಜು. ಆ ಕವಲುಗಳು ಮೆದುಳಿನ ಹೊರಪದರದ, ಅಂದರೆ ಕಾರ್ಟೆಕ್ಸಿನ, ಎಲ್ಲ ಕಡೆ ಹಬ್ಬಿವೆ. ಪಕ್ಕದ ಇನ್ನೊಂದು ಗುಂಪು ಹಿಪೊಕ್ಯಾಂಪಸ್‌ಗೆ ಹೋಗುತ್ತದೆ. ದಿನನಿತ್ಯದ ಘಟನೆಗಳು ಮೊದಲು ದಾಖಲಾಗುವುದು ಅಲ್ಲಿ.

ಅಸಿಟೈಲ್‌ಕೋಲಿನ್ ಬಿಡುಗಡೆಯಾದ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದನ್ನು ಒಡೆಯುವ ಕಿಣ್ವ ಅಲ್ಲೇ ಕಾದಿರುತ್ತದೆ. ಆ ಕಿಣ್ವದ ಒಂದು ಅಣು ಒಂದೇ ಸೆಕೆಂಡಿನಲ್ಲಿ ಅಸಿಟೈಲ್‌ಕೋಲಿನ್‌ನ ಸಾವಿರಾರು ಅಣುಗಳನ್ನು ತುಂಡು ಮಾಡುತ್ತದೆ. ದೇಹದಲ್ಲಿ ಇಷ್ಟು ಚುರುಕಾದ ಕಿಣ್ವಗಳು ಕೆಲವೇ. ಇಷ್ಟೊಂದು ಅವಸರ ಯಾಕಿರಬೇಕು? ಈ ಸಂದೇಶಕ್ಕೆ ಪ್ರಮಾಣ ಎಷ್ಟು ಮುಖ್ಯವೋ ಹೊತ್ತೂ ಅಷ್ಟೇ ಮುಖ್ಯ ಎಂಬುದೇ ಅದಕ್ಕೆ ಕಾರಣ ಅಂತ ನನಗೆ ಅನ್ನಿಸುತ್ತದೆ.

ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳು ಎರಡು ಜಾತಿ. ನಿಕೋಟಿನಿಕ್ ರಿಸೆಪ್ಟರ್ ತಕ್ಷಣ ಕೆಲಸ ಮಾಡುತ್ತದೆ, ಮಿಲಿಸೆಕೆಂಡುಗಳ ಲೆಕ್ಕ. ಹೊಗೆಸೊಪ್ಪಿನ ನಿಕೋಟಿನ್ ಅಂಟಿಕೊಳ್ಳುವುದು ಇದಕ್ಕೆ. ಮಸ್ಕರಿನಿಕ್ ರಿಸೆಪ್ಟರ್ ನಿಧಾನ, ಆದರೆ ಪರಿಣಾಮ ಹೆಚ್ಚು ಹೊತ್ತು ನಿಲ್ಲುತ್ತದೆ. ಇದರಲ್ಲಿ ಐದು ಬಗೆ. ಸ್ನಾಯುವಿನ ಕೆಲಸ ಮೊದಲನೆಯದರದು. ಹೃದಯ, ಕರುಳು, ಮೂತ್ರಕೋಶ, ಜೊಲ್ಲಿನ ಗ್ರಂಥಿ ಇವೆಲ್ಲ ಎರಡನೆಯದರ ಕಡೆ. ಮೆದುಳಿನಲ್ಲಿ ಎರಡೂ ಇವೆ.

ಗಮನಕ್ಕೆ ಇದು ಹೇಗೆ ನೆರವಾಗುತ್ತದೆ? ಕಾರ್ಟೆಕ್ಸಿನ ಒಂದು ನರಕೋಶಕ್ಕೆ ಎರಡು ಕಡೆಯಿಂದ ಸುದ್ದಿ ಬರುತ್ತಿರುತ್ತದೆ. ಒಂದು ಹೊರಗಿನಿಂದ, ಕಣ್ಣು ಕಿವಿಗಳ ದಾರಿಯಲ್ಲಿ. ಇನ್ನೊಂದು ಒಳಗಿನಿಂದ, ಅಕ್ಕಪಕ್ಕದ ಕೋಶಗಳ ನಿಲ್ಲದ ಹರಟೆ. ಹಳೆಯ ನೆನಪು, ಊಹೆ, ಮುಂದೇನಾಗಬಹುದು ಎಂಬ ಲೆಕ್ಕಾಚಾರ ಎಲ್ಲ ಆ ಹರಟೆಯಲ್ಲಿದೆ. ಅಸಿಟೈಲ್‌ಕೋಲಿನ್ ಬಂದಾಗ ನಿಕೋಟಿನಿಕ್ ರಿಸೆಪ್ಟರ್‌ಗಳ ಮೂಲಕ ಹೊರಗಿನ ಸುದ್ದಿ ಬಲವಾಗುತ್ತದೆ. ಮಸ್ಕರಿನಿಕ್ ರಿಸೆಪ್ಟರ್‌ಗಳ ಮೂಲಕ ಒಳಗಿನ ಹರಟೆ ತಗ್ಗುತ್ತದೆ. ಎರಡೂ ಒಟ್ಟಿಗೆ ಆದಾಗ ಎದುರಿಗಿರುವುದು ಎದ್ದು ಕಾಣುತ್ತದೆ. ಮೇಲಾಗಿ ಆ ಕೋಶ ಸುಲಭಕ್ಕೆ ಸುಸ್ತಾಗದೆ ಹೆಚ್ಚು ಹೊತ್ತು ಸ್ಪಂದಿಸುತ್ತದೆ.

ಇಲಿಗಳಲ್ಲಿ ಇದನ್ನು ಬಹಳ ಹತ್ತಿರದಿಂದ ನೋಡಿದ್ದಾರೆ. ಪುಟ್ಟ ದೀಪವೊಂದು ಆಗೊಮ್ಮೆ ಈಗೊಮ್ಮೆ ಮಿಂಚುತ್ತದೆ. ಇಲಿ ಅದನ್ನು ಗಮನಿಸಿ ಆಹಾರ ಸಿಗುವ ಜಾಗಕ್ಕೆ ಹೋಗಬೇಕು. ದೀಪ ಯಾವಾಗ ಮಿಂಚುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕಾಯುವುದೇ ಬೇಜಾರಿನ ಕೆಲಸ. ಮೆದುಳಿನ ಮುಂಭಾಗದಲ್ಲಿ ಸೂಕ್ಷ್ಮ ಎಲೆಕ್ಟ್ರೋಡ್ ಇಟ್ಟು ಅಸಿಟೈಲ್‌ಕೋಲಿನ್ ಅಳೆದರು. ಇಲಿ ದೀಪವನ್ನು ಗಮನಿಸಿದ ಸಲ ಅದು ಸರ್ರನೆ ಏರಿ ಕೆಲವೇ ಸೆಕೆಂಡುಗಳಲ್ಲಿ ಇಳಿಯಿತು. ಗಮನಿಸದೆ ಬಿಟ್ಟ ಸಲ ಏರಲಿಲ್ಲ. ದೀಪ ಅದೇ, ಬೆಳಕು ಅದೇ, ಇಲಿಯೂ ಅದೇ. 2007ರಲ್ಲಿ ಬಂದ ಈ ಕೆಲಸ ನನಗೆ ಬಹಳ ಹಿಡಿಸಿತು. ಅಲ್ಲಿಯವರೆಗೆ ಅಸಿಟೈಲ್‌ಕೋಲಿನ್ ಅಂದರೆ ಇಡೀ ಮೆದುಳಿಗೆ ನಿಧಾನವಾಗಿ ಹರಡುವ ಒಂದು ಸಾಮಾನ್ಯ ಎಚ್ಚರ ಎಂದು ನೋಡುವುದೇ ವಾಡಿಕೆಯಾಗಿತ್ತು.

ಹಾಗಾದರೆ ನೆನಪು? 1970ರ ದಶಕದಲ್ಲಿ ಆರೋಗ್ಯವಂತ ಯುವಕ ಯುವತಿಯರಿಗೆ ಸ್ಕೋಪೊಲಮೈನ್ ಎಂಬ ಔಷಧಿ ಕೊಟ್ಟು ನೋಡಿದರು. ಅದು ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಮುಚ್ಚುತ್ತದೆ. ಔಷಧಿ ಕೊಟ್ಟ ಮೇಲೆ ಪದಗಳ ಪಟ್ಟಿ ಕಲಿಸಿದರೆ ಅವರಿಗೆ ಹತ್ತಲಿಲ್ಲ. ಆದರೆ ಔಷಧಿ ಕೊಡುವ ಮೊದಲೇ ಕಲಿತದ್ದನ್ನು ಕೇಳಿದರೆ ಸುಮಾರಾಗಿ ಸರಿಯಾಗೇ ಹೇಳಿದರು. ಅಂದರೆ ಇಟ್ಟದ್ದನ್ನು ತೆಗೆಯುವುದಕ್ಕೆ ಅಷ್ಟು ತೊಂದರೆಯಾಗಲಿಲ್ಲ. ಹೊಸದನ್ನು ಇಡುವುದಕ್ಕೇ ಆಗಲಿಲ್ಲ. 1974ರ ಒಂದು ಅಧ್ಯಯನದಲ್ಲಿ ಈ ಯುವಜನರ ಅಂಕಗಳು ಔಷಧಿ ಇಲ್ಲದ ವಯಸ್ಸಾದವರ ಅಂಕಗಳನ್ನು ಹೋಲುತ್ತಿದ್ದವು. ಮುಪ್ಪಿನ ಮರೆವಿಗೆ ಅಸಿಟೈಲ್‌ಕೋಲಿನ್ ಕಾರಣವಿರಬಹುದು ಎಂಬ ಯೋಚನೆಗೆ ಅಲ್ಲಿಂದ ಬಲ ಬಂತು.

ಆಮೇಲೆ ಒಂದು ತೊಡಕು ಎದುರಾಯಿತು. 1990ರ ದಶಕದಲ್ಲಿ ಅಸಿಟೈಲ್‌ಕೋಲಿನ್ ಕೋಶಗಳನ್ನಷ್ಟೇ ಹುಡುಕಿ ಕೊಲ್ಲುವ ಒಂದು ವಿಷ ಸಂಶೋಧಕರ ಕೈಗೆ ಬಂತು. ಇಲಿಗಳ ನೆನಪು ಪೂರ್ತಿ ಹೋಗುತ್ತದೆ ಅಂದುಕೊಂಡಿದ್ದರು. ಹಾಗಾಗಲಿಲ್ಲ. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಮೆಟ್ಟಿಲು ಎಲ್ಲಿದೆ ಅಂತ ನೆನಪಿಟ್ಟು ಈಜುವ ಪರೀಕ್ಷೆಯಲ್ಲಿ ಎಷ್ಟೋ ಇಲಿಗಳು ಚೆನ್ನಾಗೇ ಮಾಡಿದವು. ಗಮನದ ಪರೀಕ್ಷೆಯಲ್ಲಿ ಮಾತ್ರ ನೆಲಕಚ್ಚಿದವು. ನೆನಪಿನ ಕಡೆಯಿಂದಲೇ ನೋಡುತ್ತಿದ್ದವರಿಗೆ ಇದು ತಲೆಬಿಸಿ ತಂದಿತು. ಗಮನದ ಕಡೆಯಿಂದ ನೋಡಿದರೆ ಅಷ್ಟೇನೂ ಆಶ್ಚರ್ಯವಿಲ್ಲ.

ಕಿವಿಗೆ ಸಂಬಂಧಿಸಿದ ಇನ್ನೊಂದು ಪ್ರಯೋಗ ಹೇಳಿ ಮುಂದೆ ಹೋಗುತ್ತೇನೆ. 1998ರಲ್ಲಿ ಕಿಲ್ಗಾರ್ಡ್ ಮತ್ತು ಮರ್ಝೆನಿಕ್ ಎಂಬಿಬ್ಬರು ಇಲಿಗಳಿಗೆ ಒಂದೇ ಸ್ವರವನ್ನು ದಿನಕ್ಕೆ ನೂರಾರು ಸಲ ಕೇಳಿಸಿದರು. ಪ್ರತಿ ಸಲವೂ ಅದೇ ಗಳಿಗೆಗೆ ಬೇಸಲ್ ನ್ಯೂಕ್ಲಿಯಸ್ಸನ್ನು ವಿದ್ಯುತ್ತಿನಿಂದ ಚುರುಕುಗೊಳಿಸಿದರು. ಕೆಲವು ವಾರಗಳಲ್ಲಿ ಶ್ರವಣದ ಕಾರ್ಟೆಕ್ಸಿನಲ್ಲಿ ಆ ಸ್ವರಕ್ಕೆ ಸ್ಪಂದಿಸುವ ಜಾಗ ಹಿಗ್ಗಿತ್ತು. ಸ್ವರ ಕೇಳಿಸಿದ್ದಷ್ಟರಿಂದಲೇ ಹೀಗಾಗುವುದಿಲ್ಲ. ಬೆಳೆದುನಿಂತ ಪ್ರಾಣಿಯ ಮೆದುಳು ಕೂಡ ‘ಇದು ಬೇಕಾದದ್ದು’ ಎಂಬ ಸೂಚನೆ ಆ ಹೊತ್ತಿಗೇ ಸಿಕ್ಕರೆ ಬದಲಾಗುತ್ತದೆ.

ಇನ್ನು ನಿದ್ದೆ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಅಂಗಡಿ ತೆರೆದಿರುವಷ್ಟು ಹೊತ್ತು ಸರಕು ಬಂದು ಬೀಳುತ್ತಲೇ ಇರುತ್ತದೆ, ಅದನ್ನು ವಿಂಗಡಿಸಿ ಕಪಾಟಿಗೆ ಏರಿಸಲು ಷಟರ್ ಎಳೆಯಲೇಬೇಕು. ಮೆದುಳಿನದೂ ಹೆಚ್ಚುಕಡಿಮೆ ಅದೇ ಪಾಡು. ಎಚ್ಚರವಿದ್ದಾಗ ಅಸಿಟೈಲ್‌ಕೋಲಿನ್ ಜಾಸ್ತಿ ಇರುತ್ತದೆ, ಹೊರಗಿನದು ಹಿಪೊಕ್ಯಾಂಪಸ್‌ಗೆ ಬರುತ್ತಿರುತ್ತದೆ, ಹಿಪೊಕ್ಯಾಂಪಸ್‌ನ ಒಳಗಿನ ಹಳೆಯ ನೆನಪುಗಳ ಓಡಾಟ ತಗ್ಗಿರುತ್ತದೆ. ಹಾಗಿಲ್ಲದಿದ್ದರೆ ಹೊಸದಕ್ಕೆ ಹಳೆಯದು ಬೆರೆತು ಕಲಸುಮೇಲೋಗರವಾಗುತ್ತದೆ. ಗಾಢ ನಿದ್ದೆಗೆ ಜಾರಿದಾಗ ಅಸಿಟೈಲ್‌ಕೋಲಿನ್ ತುಂಬ ಕೆಳಕ್ಕಿಳಿಯುತ್ತದೆ. ಆಗ ತಡೆ ಸಡಿಲಾಗಿ ಹಿಪೊಕ್ಯಾಂಪಸ್ ಹಗಲಿನದನ್ನು ಮತ್ತೆ ಮತ್ತೆ ಓಡಿಸಿ ಕಾರ್ಟೆಕ್ಸಿಗೆ ದಾಟಿಸುತ್ತದೆ. ಕನಸು ಹೆಚ್ಚು ಬೀಳುವ ಆರ್‌ಇಎಂ ನಿದ್ದೆಯಲ್ಲಿ ಅಸಿಟೈಲ್‌ಕೋಲಿನ್ ಮತ್ತೆ ಏರುತ್ತದೆ. ಆ ಹಂತದ್ದು ಬೇರೆಯೇ ಕಥೆ.

ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದು 2004ರಲ್ಲಿ. ಜರ್ಮನಿಯ ಸ್ಟೆಫನ್ ಗೈಸ್ ಮತ್ತು ಯಾನ್ ಬೋರ್ನ್ ರಾತ್ರಿ ಮಲಗುವ ಮೊದಲು ಜನರಿಗೆ ಜೋಡಿಪದಗಳನ್ನು ಕಲಿಸಿದರು. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಜಾಸ್ತಿ. ಆ ಹೊತ್ತಿನಲ್ಲಿ ಕೆಲವರಿಗೆ ಫೈಸೊಸ್ಟಿಗ್ಮಿನ್ ಎಂಬ ಔಷಧಿಯನ್ನು ರಕ್ತಕ್ಕೆ ಬಿಟ್ಟರು. ಅದು ಒಡೆಯುವ ಕಿಣ್ವವನ್ನು ತಡೆಯುತ್ತದೆ, ಹಾಗಾಗಿ ಅಸಿಟೈಲ್‌ಕೋಲಿನ್ ಇಳಿಯದೆ ಮೇಲೇ ಉಳಿಯುತ್ತದೆ. ‘ನೆನಪಿನ ರಾಸಾಯನಿಕ’ ಹೆಚ್ಚಿದ್ದರೆ ಇವರು ಎಲ್ಲರಿಗಿಂತ ಚೆನ್ನಾಗಿ ನೆನಪಿಡಬೇಕಿತ್ತು. ಆದದ್ದು ತಿರುವುಮುರುವು. ನಿದ್ದೆಯಿಂದ ಜೋಡಿಪದಗಳಿಗೆ ಸಿಗಬೇಕಾಗಿದ್ದ ಲಾಭವೇ ಅವರಿಗೆ ಸಿಗಲಿಲ್ಲ. ಎರಡು ವರ್ಷದ ನಂತರ ಇದೇ ಬಳಗ ಇನ್ನೊಂದು ಪ್ರಯೋಗ ಮಾಡಿತು. ಈ ಸಲ ಎಚ್ಚರವಿರುವವರಲ್ಲೇ ಎರಡೂ ಜಾತಿಯ ರಿಸೆಪ್ಟರ್‌ಗಳನ್ನು ಔಷಧಿಯಿಂದ ತಡೆದರು. ಮೊದಲೇ ಕಲಿತದ್ದು ಇನ್ನೂ ಗಟ್ಟಿಯಾಯಿತು, ಹೊಸದಾಗಿ ಕಲಿಸಿದ್ದು ಹತ್ತಲಿಲ್ಲ.

ಈಗ ನಿಮ್ಮ ಗೆಳತಿಯ ಕ್ಯಾಪ್ಸೂಲ್. ಕೋಲಿನ್ ಬೇಕಾದ ಪೋಷಕಾಂಶ ಹೌದು. ಅಮೆರಿಕದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಗಂಡಸರಿಗೆ 550 ಮಿಲಿಗ್ರಾಂ, ಹೆಂಗಸರಿಗೆ 425 ಮಿಲಿಗ್ರಾಂ ಸಾಕು. ಒಂದು ಮೊಟ್ಟೆಯಲ್ಲಿ ಹತ್ತಿರಹತ್ತಿರ 150 ಮಿಲಿಗ್ರಾಂ ಇರುತ್ತದೆ. ಲಿವರ್ ಕೂಡ ಸ್ವಲ್ಪ ತಯಾರಿಸುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಒಡೆದಾಗ ಬರುವ ಕೋಲಿನ್ನನ್ನು ಕೋಶ ಹೀರಿ ಮತ್ತೆ ಬಳಸುತ್ತದೆ. ಹಾಗಾಗಿ ಸಾಮಾನ್ಯವಾಗಿ ಊಟ ಮಾಡುವವರಲ್ಲಿ ಕಚ್ಚಾವಸ್ತುವಿಗೆ ಬರ ಬರುವುದು ಕಡಿಮೆ. ಕೋಲಿನ್ ಇದ್ದ ಮಾತ್ರಕ್ಕೆ ಆ ನರಕೋಶ ಬೇಕಾದ ಗಳಿಗೆಗೆ ಅಸಿಟೈಲ್‌ಕೋಲಿನ್ ಬಿಡುತ್ತದೆ ಅಂತಲೂ ಇಲ್ಲ. ನೀವು ಪುಟ ಓದುವಾಗ ಮನಸ್ಸು ಬೇರೆ ಕಡೆ ಇದ್ದರೆ ಕ್ಯಾಪ್ಸೂಲಿಗೆ ಅದು ಹೇಗೆ ಗೊತ್ತಾಗಬೇಕು?

ಇದನ್ನು ಪ್ರಯೋಗಿಸಿ ನೋಡದೆ ಬಿಟ್ಟಿಲ್ಲ. ಅಲ್ಝೈಮರ್ ರೋಗಿಗಳಿಗೆ ಕೋಲಿನ್, ಕೋಲಿನ್ ಇರುವ ಲೆಸಿಥಿನ್ ಎರಡನ್ನೂ 1970-80ರ ದಶಕಗಳಲ್ಲಿ ಧಾರಾಳವಾಗಿ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅತಿಯಾಗಿ ತೆಗೆದುಕೊಂಡರೆ ಬೆವರು, ರಕ್ತದೊತ್ತಡ ಇಳಿಯುವುದು, ಮೈಯಿಂದ ಮೀನಿನ ವಾಸನೆ ಬರುವುದು ಆಗುತ್ತದೆ. ದಿನಕ್ಕೆ 3,500 ಮಿಲಿಗ್ರಾಂ ದಾಟಬಾರದು ಎಂದು ಮಿತಿ ಇಟ್ಟಿರುವುದು ಸುಮ್ನೆ ಅಲ್ಲ.

ನಿಕೋಟಿನ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಗಮನ ಚೂರು ಏರುತ್ತದೆ, ನಿಜ. ಸೇದುವವರಿಗೆ ಸಿಗುವ ‘ಚುರುಕು’ ಬಹುಪಾಲು ಚಟದ ಚಡಪಡಿಕೆ ಶಮನವಾಗಿ ಬಂದದ್ದು. ಆ ದಾರಿ ಹಿಡಿಯಬೇಡಿ.

ಹಾಗಾದರೆ ಅಲ್ಝೈಮರ್‌ಗೆ ಅಸಿಟೈಲ್‌ಕೋಲಿನ್ ಏರಿಸುವ ಮಾತ್ರೆ ಯಾಕೆ ಕೊಡುತ್ತಾರೆ ಎಂದು ನೀವು ಕೇಳಬಹುದು. ಅಲ್ಲಿ ಕೊರತೆ ನಿಜವಾಗಿಯೂ ಇದೆ. ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ರೋಗಿಗಳ ಮೆದುಳಿನಲ್ಲಿ ತೀರ ಕಡಿಮೆಯಾಗಿದೆ ಎಂದು 1976ರಲ್ಲಿ ಗೊತ್ತಾಯಿತು. ಬೇಸಲ್ ನ್ಯೂಕ್ಲಿಯಸ್‌ನ ಕೋಶಗಳು ಭಾರಿ ಪ್ರಮಾಣದಲ್ಲಿ ಸತ್ತಿರುತ್ತವೆ ಎಂದು 1980ರ ದಶಕದ ಆರಂಭದಲ್ಲಿ ತಿಳಿಯಿತು. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮೈನ್ ಮಾತ್ರೆಗಳು ಒಡೆಯುವ ಕಿಣ್ವವನ್ನು ತಡೆದು, ಅಳಿದುಳಿದ ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತವೆ. ಫಲ ಇದೆ, ಆದರೆ ಚಿಕ್ಕದು. 70 ಅಂಕದ ಪರೀಕ್ಷೆಯಲ್ಲಿ ಸರಾಸರಿ ಎರಡು-ಮೂರು ಅಂಕದ ವ್ಯತ್ಯಾಸ. ಕೋಶಗಳು ಸಾಯುವುದನ್ನು ಇವು ನಿಲ್ಲಿಸುವುದಿಲ್ಲ. ಅಲ್ಝೈಮರ್‌ನಲ್ಲಿ ಕೆಡುವುದು ಈ ಒಂದು ವ್ಯವಸ್ಥೆ ಮಾತ್ರವೂ ಅಲ್ಲ. ಲೂಯಿ ಬಾಡಿ ಡಿಮೆನ್ಷಿಯಾ (ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ) ಎಂಬ ಇನ್ನೊಂದು ಕಾಯಿಲೆಯಲ್ಲಿ ಗಮನ ಗಂಟೆಗೊಂದು ರೀತಿ ಏರಿಳಿಯುತ್ತದೆ. ಅಲ್ಲಿ ಈ ಮಾತ್ರೆಗಳು ಕೆಲವೊಮ್ಮೆ ಕಣ್ಣಿಗೆ ಕಾಣುವಷ್ಟು ನೆರವಾಗುತ್ತವೆ.

ಆರೋಗ್ಯವಂತರು ಇವನ್ನು ನುಂಗಿದರೆ? ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವು ಕಡೆ ತುಸು ಲಾಭ, ಕೆಲವು ಕಡೆ ಏನೂ ಇಲ್ಲ, ಕೆಲವು ಕಡೆ ನಷ್ಟ. ಕಡಿಮೆ ಇದ್ದವರಿಗೆ ಏರಿಸಿದರೆ ಒಳ್ಳೆಯದು, ಸರಿಯಾಗಿದ್ದವರಿಗೆ ಏರಿಸಿದರೆ ಕೆಡುವ ಸಂಭವ. ಜತೆಗೆ ವಾಕರಿಕೆ, ಭೇದಿ, ಹೃದಯದ ಬಡಿತ ನಿಧಾನವಾಗುವುದು. ಕಪ್ಪೆಯ ಹೃದಯಕ್ಕೆ ಆದದ್ದೇ ಇದು. ತೀವ್ರ ನಿಗಾ ಘಟಕದಲ್ಲಿ ಸನ್ನಿ (ಡೆಲಿರಿಯಮ್, ಇದ್ದಕ್ಕಿದ್ದಂತೆ ಬರುವ ಗಲಿಬಿಲಿ) ಹಿಡಿದ ರೋಗಿಗಳಿಗೆ ರಿವಾಸ್ಟಿಗ್ಮಿನ್ ಕೊಟ್ಟು ನೋಡಿದ ಒಂದು ಅಧ್ಯಯನವನ್ನು ಔಷಧಿ ಪಡೆದವರಲ್ಲಿ ಸಾವು ಜಾಸ್ತಿ ಕಂಡಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದು ಪ್ರಕಟವಾದದ್ದು 2010ರಲ್ಲಿ.

ಮಾವನವರ ವಿಷಯಕ್ಕೆ ಬರೋಣ. ಮಾತ್ರೆಯ ಹೆಸರು ನೀವು ಬರೆದಿಲ್ಲ. ಶೀತದ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಅಥವಾ ಡೈಫೆನ್‌ಹೈಡ್ರಮೈನ್ ಇರುವುದು ಸಾಮಾನ್ಯ. ಇವು ಹಳೆಯ ಕಾಲದ ಅಲರ್ಜಿ ಔಷಧಿಗಳು. ಮೂಗು ಸೋರುವುದನ್ನು ನಿಲ್ಲಿಸುತ್ತವೆ, ಆದರೆ ಮೆದುಳಿನೊಳಗೂ ಹೋಗುತ್ತವೆ. ಹಿಸ್ಟಮಿನ್ ರಿಸೆಪ್ಟರಿನ ಜತೆಗೆ ಮಸ್ಕರಿನಿಕ್ ರಿಸೆಪ್ಟರನ್ನೂ ಮುಚ್ಚುತ್ತವೆ. ಅಂದರೆ ಸ್ಕೋಪೊಲಮೈನ್ ಮಾಡುವ ಕೆಲಸವನ್ನೇ ಸಣ್ಣ ಮಟ್ಟದಲ್ಲಿ ಮಾಡುತ್ತವೆ. ಇಪ್ಪತ್ತೈದರ ವಯಸ್ಸಿನವರಿಗೆ ಬಾಯಿ ಒಣಗಿ ನಿದ್ದೆ ಬಂದರೆ ಮುಗಿಯಿತು. ಎಪ್ಪತ್ತು ದಾಟಿದವರ ಅಸಿಟೈಲ್‌ಕೋಲಿನ್ ವ್ಯವಸ್ಥೆಯಲ್ಲಿ ಮಿಗತೆ ಕಡಿಮೆ. ಲಿವರ್, ಕಿಡ್ನಿ ಔಷಧಿಯನ್ನು ಹೊರಹಾಕುವುದೂ ನಿಧಾನ. ಅವರಿಗೆ ಅದೇ ಮಾತ್ರೆ ಸನ್ನಿ ಹಿಡಿಸಬಲ್ಲದು. ಗಲಿಬಿಲಿ ರಾತ್ರಿ ಜಾಸ್ತಿಯಾಗುವುದು, ಇಲ್ಲದವರನ್ನು ಕರೆಯುವುದು, ಮಾತಿಗೂ ಮಾತಿಗೂ ಸಂಬಂಧ ತಪ್ಪುವುದು ಎಲ್ಲ ಸನ್ನಿಯ ಲಕ್ಷಣಗಳೇ. ಗಮನಿಸಿ, ಅಲ್ಲಿ ಮೊದಲು ಕುಸಿಯುವುದು ಗಮನ. ಮರೆವು ಅದರ ಬೆನ್ನಿಗೆ ಬರುವುದು.

ಹಾಗಂತ ಎಲ್ಲ ಮಾತ್ರೆಯ ಮೇಲೇ ಹೊರಿಸಬೇಡಿ. ಜ್ವರ, ಸೋಂಕು, ನೀರು ಕಡಿಮೆಯಾದದ್ದು, ನಿದ್ದೆಗೆಟ್ಟದ್ದು ಕೂಡ ಆ ವಯಸ್ಸಿನಲ್ಲಿ ಸನ್ನಿಗೆ ಸಾಕು. ಆ ದಿನಗಳಲ್ಲಿ ಅವರಿಗೆ ಬಾಯಿ ಒಣಗಿತ್ತಾ, ಮಲಬದ್ಧತೆ ಆಗಿತ್ತಾ, ಮೂತ್ರ ಕಟ್ಟಿತ್ತಾ, ಕಣ್ಣು ಮಂಜಾಗಿತ್ತಾ, ಎದೆ ಹೊಡೆದುಕೊಳ್ಳುತ್ತಿತ್ತಾ ಎಂದು ನೆನಪು ಮಾಡಿಕೊಳ್ಳಿ. ಇವುಗಳಲ್ಲಿ ಎರಡು-ಮೂರು ಸೇರಿದ್ದರೆ ಮಾತ್ರೆಯ ಮೇಲಿನ ಅನುಮಾನ ಬಲವಾಗುತ್ತದೆ. ಮೇಲೆ ಮೈಯ ಕೆಲಸಗಳ ಪಟ್ಟಿ ಕೊಟ್ಟದ್ದು ಇದಕ್ಕೇ. ಪ್ರಾಸ್ಟೇಟ್ ದೊಡ್ಡದಾದ ಗಂಡಸರಲ್ಲಿ ಮೂತ್ರ ಕಟ್ಟುವುದು ಬೇಗ, ಅದೊಂದೇ ಸಾಕು ಗಲಿಬಿಲಿ ಹೆಚ್ಚಿಸಲು.

ಇಂಥ ಗುಣ ಇರುವ ಔಷಧಿಗಳು ಇನ್ನೂ ಇವೆ. ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ನರನೋವಿಗೂ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್. ಒಂದೊಂದನ್ನೇ ನೋಡಿದರೆ ಸಾಧು. ಬೇರೆ ಬೇರೆ ಡಾಕ್ಟರು ಬೇರೆ ಬೇರೆ ಕಾರಣಕ್ಕೆ ಬರೆದು ಮೂರು ಒಟ್ಟಾದರೆ ಹೊರೆ ಕೂಡುತ್ತಾ ಹೋಗುತ್ತದೆ. ನಾನು ಪದೇಪದೇ ನೋಡುವ ಒಂದು ಎಡವಟ್ಟು ಹೀಗೆ: ಮರೆವಿಗೆ ಡೊನೆಪೆಝಿಲ್ ಶುರುವಾಗುತ್ತದೆ, ಅದರಿಂದ ಮೂತ್ರದ ಅವಸರ ಹೆಚ್ಚುತ್ತದೆ, ಅದಕ್ಕೆ ಇನ್ನೊಬ್ಬರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಒಂದು ಮಾತ್ರೆ ಏರಿಸಿದ್ದನ್ನು ಇನ್ನೊಂದು ತಡೆಯುತ್ತದೆ. ದುಡ್ಡು ಎರಡಕ್ಕೂ ಹೋಗುತ್ತದೆ. ಇಂಥ ಔಷಧಿಗಳನ್ನು ವರ್ಷಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಹಿರಿಯರಲ್ಲಿ ಡಿಮೆನ್ಷಿಯಾ ಜಾಸ್ತಿ ಕಂಡಿದೆ ಎಂದು 2015ರ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೇಳಿತು. ಅದು ನಂಟು ತೋರಿಸುತ್ತದೆಯೇ ಹೊರತು ಔಷಧಿಯೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಎರಡು ದಿನದ ಶೀತದ ಮಾತ್ರೆಯಿಂದ ಡಿಮೆನ್ಷಿಯಾ ಬಂದುಬಿಡುತ್ತದೆ ಎಂದು ಹೆದರಬೇಡಿ.

ನಿಮ್ಮ ಓದಿನ ತೊಂದರೆ ಬೇರೆಯದು. ನೀವು ಬರೆದದ್ದನ್ನು ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಗಮನದ ಮೇಲೆ. ಒಂದು ಕೆಲಸ ಮಾಡಿ ನೋಡಿ. ಪುಟ ಶುರು ಮಾಡುವ ಮೊದಲು ಅದರಿಂದ ನಿಮಗೆ ಏನು ತಿಳಿಯಬೇಕು ಎಂದು ಒಂದು ಪ್ರಶ್ನೆ ಬರೆದುಕೊಳ್ಳಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ಒಂದು ಪ್ಯಾರಾ ಮುಗಿದಾಗ ಕಣ್ಣು ಎತ್ತಿ, ಓದಿದ್ದನ್ನು ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಹೇಳಿ. ಹೀಗೆ ಓದಿದ್ದು ಮರುದಿನವೂ ನೆನಪಿದ್ದರೆ ದಾಖಲಿಸುವ ವ್ಯವಸ್ಥೆ ಚೆನ್ನಾಗಿದೆ ಅಂತ ಹೆಚ್ಚುಕಡಿಮೆ ಧೈರ್ಯವಾಗಿರಬಹುದು. ಪ್ರಶ್ನೆ ಹಿಡಿದು ಓದುವುದು ಸುಮ್ನೆ ಮೇಷ್ಟ್ರ ಉಪದೇಶ ಅಲ್ಲ. ಏನನ್ನಾದರೂ ಎದುರುನೋಡುತ್ತಿರುವಾಗ, ಹೊಸದು ಕಂಡಾಗ ಈ ಕೋಶಗಳು ಚುರುಕಾಗುತ್ತವೆ. ಇಲಿಗಳಲ್ಲಿ ಸುಮ್ಮನೆ ನಡೆದಾಡಿದರೂ ಹಿಪೊಕ್ಯಾಂಪಸ್‌ನಲ್ಲಿ ಅಸಿಟೈಲ್‌ಕೋಲಿನ್ ಏರುವುದು ಕಂಡಿದೆ. ಕೂತು ಕೂತು ಮಂಕು ಹಿಡಿದಾಗ ಹತ್ತು ನಿಮಿಷ ಓಡಾಡಿ ಬನ್ನಿ.

ನಿದ್ದೆ ಎಷ್ಟು ಮಾಡುತ್ತೀರಿ? ಬರೆದಿಲ್ಲ. ಕೆಲಸದ ಗಡುವಿಗಾಗಿ ರಾತ್ರಿ ಕೊರೆಯುತ್ತಿದ್ದರೆ ಎರಡು ಕಡೆ ನಷ್ಟ. ಹಗಲು ಗಮನ ನಿಲ್ಲುವುದಿಲ್ಲ, ರಾತ್ರಿ ಗಟ್ಟಿಯಾಗುವುದಕ್ಕೆ ಹೊತ್ತು ಸಿಗುವುದಿಲ್ಲ. ಗೊರಕೆ ಜೋರಾಗಿದ್ದು ಬೆಳಿಗ್ಗೆ ತಲೆಭಾರ ಇದ್ದರೆ ಉಸಿರು ಕಟ್ಟುವ ಸಮಸ್ಯೆ ಇದೆಯೇ ಎಂದು ತೋರಿಸಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಒಂದು ಸಲ ನೋಡಿಸಿ. ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡ ಅನ್ನಿಸುತ್ತಿದ್ದರೆ ಅದನ್ನೂ ಹೇಳಿ, ಖಿನ್ನತೆ ಮೊದಲು ಕಚ್ಚುವುದು ಗಮನವನ್ನೇ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಕೆಲವರಿಗೆ ಹೀಗೆ ಮಬ್ಬು ಹಿಡಿದಂತಾಗುತ್ತದೆ. ನಿಮ್ಮ ವಯಸ್ಸಿಗೆ ಅದೂ ತಲೆಯಲ್ಲಿರಲಿ. ಇನ್ನೊಂದು: ನಿದ್ದೆಗೆಂದೋ ಅಲರ್ಜಿಗೆಂದೋ ಮಾವನವರು ತೆಗೆದುಕೊಂಡಂಥ ಮಾತ್ರೆಯನ್ನು ನೀವೂ ನುಂಗುತ್ತಿಲ್ಲ ತಾನೇ?

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ ಅಂದರೆ, ಗೊತ್ತಿರುವ ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತೀರಿ ಎಂದು ಮನೆಯವರು ಹೇಳಿದರೆ, ವರ್ಷಗಳಿಂದ ಸಲೀಸಾಗಿ ಮಾಡುತ್ತಿದ್ದ ಕೆಲಸದ ಹಂತಗಳೇ ತಪ್ಪತೊಡಗಿದರೆ.

ಮಾವನವರಿಗೆ ಈಗ ಮಾಡಬೇಕಾದದ್ದು ಎರಡು. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಚೀಟಿ ಇಲ್ಲದೆ ಕೊಂಡದ್ದು, ಕಣ್ಣಿನ ಹನಿ, ಅಂಟುಪಟ್ಟಿ ಎಲ್ಲ ಸೇರಲಿ. ನೀವಾಗಿಯೇ ಯಾವುದನ್ನೂ ಥಟ್ಟನೆ ನಿಲ್ಲಿಸಬೇಡಿ. ಅಮಿಟ್ರಿಪ್ಟಿಲಿನ್‌ನಂಥವನ್ನು ಮೆಲ್ಲಗೆ ಇಳಿಸಬೇಕಾಗುತ್ತದೆ. ಎರಡನೆಯದು, ಸನ್ನಿ ಬಂದುಹೋಗಿ ಒಂದೆರಡು ತಿಂಗಳಾದ ಮೇಲೆ ಅವರ ನೆನಪಿನ ಪರೀಕ್ಷೆ ಒಮ್ಮೆ ಮಾಡಿಸಿ. ಅಷ್ಟು ಸಣ್ಣ ಕಾರಣಕ್ಕೆ ಸನ್ನಿ ಬಂದಿದ್ದರೆ ಒಳಗೆ ಮರೆವಿನ ಕಾಯಿಲೆ ಶುರುವಾಗಿರುವ ಸಾಧ್ಯತೆ ಇರುತ್ತದೆ. ಎಲ್ಲರಲ್ಲೂ ಹಾಗಿರುವುದಿಲ್ಲ, ಆದರೆ ನೋಡಿಬಿಡುವುದು ಒಳ್ಳೆಯದು. ಆ ಮಾತ್ರೆ ಅವರಿಗೆ ಆಗಿಬರಲಿಲ್ಲ ಎಂದು ಫೈಲಿನಲ್ಲಿ ಬರೆಸಿ. ಮುಂದಿನ ಸಲ ಶೀತವಾದಾಗ ಏನು ಕೊಡಬಹುದು ಎಂದೂ ಆಗಲೇ ಕೇಳಿಟ್ಟುಕೊಳ್ಳಿ. ಮೆದುಳಿಗೆ ಕಡಿಮೆ ಹೋಗುವ ಫೆಕ್ಸೊಫೆನಡಿನ್, ಲೊರಾಟಡಿನ್‌ನಂಥ ಹೊಸ ಅಲರ್ಜಿ ಔಷಧಿಗಳಿವೆ. ಬರೀ ಶೀತವಾದರೆ ಹಬೆ, ಉಪ್ಪುನೀರಿನ ಮೂಗಿನ ಹನಿ ಸಾಕಾಗುವುದೂ ಉಂಟು.